ಪೆಟ್ಟಿಗೆ ಬಂತು, ಲೆಕ್ಕ ಬಂತೆ?

ಸಾಯಂಕಾಲ ಆರು ಗಂಟೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬೈಂದೂರು ಕಡೆಯ ಬಸ್ಸು ಹತ್ತಿದವರಿಗೆ ಕಂಡಕ್ಟರರ ಪ್ರಶ್ನೆ ಒಂದೇ: ಎಲ್ಲಿಗೆ? ಹೆಮ್ಮಾಡಿಯೋ, ತ್ರಾಸಿಯೋ, ನಾವುಂದವೋ ಎಂದರೆ ಸಾಕು. ಅಂಗೈಯಗಲದ ಮಿಶನ್ನಿನಿಂದ ಚರ್ರೆಂದು ಚೀಟಿ ಹೊರಗೆ ಬರುತ್ತದೆ. ಹಿಂದೆ ಬಣ್ಣಬಣ್ಣದ ಟಿಕೆಟಿನ ಕಟ್ಟು, ಕಿವಿಯ ಮೇಲೆ ಪೆನ್ಸಿಲು, ಕಂಕುಳಲ್ಲಿ ಚರ್ಮದ ಚೀಲ ಇದ್ದವು. ಈಗ ಬಹಳಷ್ಟು ಬಸ್ಸುಗಳಲ್ಲಿ ಚೀಲ ಮಾತ್ರ ಉಳಿದಿದೆ.

ರಾತ್ರಿ ಕೊನೆಯ ಟ್ರಿಪ್ಪು ಮುಗಿದ ಮೇಲೆ ಅದೇ ಮಿಶನ್ನು ಒಂದು ಉದ್ದದ ಪಟ್ಟಿ ಕೊಡುತ್ತದೆ. ಯಾವ ಸ್ಟೇಜಿನಿಂದ ಎಷ್ಟು ಜನ, ಒಟ್ಟು ಹಣ ಎಷ್ಟು, ಎಲ್ಲ ಅದರಲ್ಲಿ ಉಂಟು. ಆದರೆ ಬಸ್ಸಿನ ಮಾಲಕರಿಗೆ ಆ ದಿನ ಲಾಭವೋ ನಷ್ಟವೋ ಎಂದು ಮಿಶನ್ನು ಹೇಳೀತೆ? ಹೇಳಲಾರದು. ಡೀಸೆಲಿನ ಬಿಲ್ಲು ಡ್ರೈವರರ ಕಿಸೆಯಲ್ಲಿದೆ. ಟೈರಿನ ಲೆಕ್ಕ ಗ್ಯಾರೇಜಿನವರ ಪುಸ್ತಕದಲ್ಲಿದೆ. ಇನ್ಶೂರೆನ್ಸಿನ ಕಾಗದ ಮನೆಯ ಕಪಾಟಿನಲ್ಲಿದೆ. ಭತ್ತೆಯ ಲೆಕ್ಕ ಯಾವುದೋ ಚೀಟಿಯ ಹಿಂಬದಿಯಲ್ಲಿದೆ. ಇವೆಲ್ಲ ಒಂದೆಡೆ ಸೇರಿದಾಗಲೇ ಆ ಬಸ್ಸಿನ ನಿಜವಾದ ಲೆಕ್ಕ.

ಹೀಗೆ ಚದರಿಹೋದ ಕಾಗದಗಳನ್ನು ಒಂದೆಡೆ ಸೇರಿಸುವ ಕಂಪ್ಯೂಟರ್ ವ್ಯವಸ್ಥೆಗೆ ಇಆರ್‌ಪಿ ಎಂದು ಹೆಸರು. ಬಿಡಿಸಿ ಹೇಳಿದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ದೊಡ್ಡ ಕಾರಖಾನೆಗಳ ಈ ಸರಂಜಾಮು ಈಗ ಸಣ್ಣ ಅಂಗಡಿ, ಅಕ್ಕಿ ಮಿಲ್ಲು, ಗೇರುಬೀಜದ ಫ್ಯಾಕ್ಟರಿಗಳ ಬಾಗಿಲಿಗೂ ಬಂದಿದೆ. ಕುಂದಾಪುರ, 2018ರಲ್ಲಿ ಹೊಸ ತಾಲೂಕುಗಳಾದ ಬೈಂದೂರು ಮತ್ತು ಬ್ರಹ್ಮಾವರ, ಈ ಮೂರು ಕಡೆಯ ವ್ಯಾಪಾರಿಗಳ ಮುಂದೆ ಇರುವ ಪ್ರಶ್ನೆ ಇದು: ಪೆಟ್ಟಿಗೆಯೇನೋ ಬಂತು, ಅದರ ಜೊತೆ ಲೆಕ್ಕವೂ ಬಂತೆ?

ಹೆಸರು ದೊಡ್ಡದು, ಕೆಲಸ ಒಂದೇ

ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಕೋಟದಲ್ಲೋ ಉಪ್ಪುಂದದಲ್ಲೋ ಒಂದು ಜಿನಸಿನ ಅಂಗಡಿ ಎಂದಿಟ್ಟುಕೊಳ್ಳಿ. ಲಾರಿಯಿಂದ ಹತ್ತು ಮೂಟೆ ಸಕ್ಕರೆ ಇಳಿಯಿತು. ಹಳೆಯ ಕ್ರಮದಲ್ಲಿ ಈ ಹತ್ತು ಮೂಟೆಯನ್ನು ನಾಲ್ಕು ಸಲ ಬರೆಯಬೇಕು. ದಾಸ್ತಾನು ಪುಸ್ತಕದಲ್ಲಿ ಒಮ್ಮೆ, ಕಿರ್ದಿಯಲ್ಲಿ ಒಮ್ಮೆ, ಸಕ್ಕರೆ ಕೊಟ್ಟವರ ಖಾತೆಯಲ್ಲಿ ಒಮ್ಮೆ, ತೆರಿಗೆಯ ಲೆಕ್ಕದಲ್ಲಿ ಇನ್ನೊಮ್ಮೆ. ನಾಲ್ಕು ಸಲ ಬರೆದರೆ ತಪ್ಪಲಿಕ್ಕೂ ನಾಲ್ಕು ಅವಕಾಶ. ಇಆರ್‌ಪಿಯಲ್ಲಿ ಮೂಟೆ ಇಳಿಸಿಕೊಂಡವರು ಒಂದು ಸಲ ಬರೆದರೆ ಉಳಿದ ಮೂರು ಕಡೆಗೂ ಅದೇ ಏರುತ್ತದೆ.

ಹಾಗಾದರೆ ಅಂಗಡಿಗಳಲ್ಲಿ ಈಗಾಗಲೇ ಇರುವ ಬಿಲ್ಲಿಂಗ್ ಕಂಪ್ಯೂಟರಿಗೂ ಇದಕ್ಕೂ ಎಂತ ವ್ಯತ್ಯಾಸ? ಬರಿಯ ಲೆಕ್ಕದ ಸಾಫ್ಟ್‌ವೇರು ಶುರುವಾಗುವುದು ಬಿಲ್ಲು ಮೇಜಿಗೆ ಬಂದ ಮೇಲೆ. ಇಆರ್‌ಪಿ ಶುರುವಾಗುವುದು ಲಾರಿ ಗೇಟಿನೊಳಗೆ ಬಂದಾಗ. ಆರ್ಡರು, ತೂಕ, ಗೋದಾಮು, ತಯಾರಿ, ಕೂಲಿ, ಮಾರಾಟ, ವಸೂಲಿ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಯಾವ ಮಣಿ ಬಿಟ್ಟುಹೋದರೂ ಸರ ಬಿಚ್ಚಿಕೊಳ್ಳುತ್ತದೆ.

ದೊಡ್ಡವರ ಮನೆಯಿಂದ ಸಣ್ಣವರ ಮನೆಗೆ

ಇದರ ಮೂಲ ಇರುವುದು ಕಾರಖಾನೆಗಳಲ್ಲಿ. ಯಾವ ಸಾಮಾನು ಯಾವಾಗ ಎಷ್ಟು ಬೇಕು ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವ ಕ್ರಮ 1960ರ ದಶಕದಲ್ಲಿ ಅಮೇರಿಕದಲ್ಲಿ ಬೆಳೆಯಿತು. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಇಂಜಿನಿಯರರು ಜರ್ಮನಿಯಲ್ಲಿ ಸ್ಯಾಪ್ ಎಂಬ ಕಂಪೆನಿ ಕಟ್ಟಿದರು. ಇಆರ್‌ಪಿ ಎಂಬ ಹೆಸರು ಹುಟ್ಟಿದ್ದು 1990ರಲ್ಲಿ, ಗಾರ್ಟ್‌ನರ್ ಎಂಬ ಸಲಹಾ ಸಂಸ್ಥೆಯಿಂದ.

ಭಾರತದ ಸಣ್ಣ ವ್ಯಾಪಾರಿಗೆ ಕಂಪ್ಯೂಟರ್ ಲೆಕ್ಕ ಕಲಿಸಿದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಗಿರಣಿಗಳಿಗೆ ಕಚ್ಚಾ ಸಾಮಾನು, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಪ್ಪುವ ಸಾಫ್ಟ್‌ವೇರು ಸಿಗಲಿಲ್ಲ. ಗಣಿತ ಓದಿದ ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಒಂದು ಮಾಡು ಎಂದರು. 1986ರಲ್ಲಿ ಹೀಗೆ ಶುರುವಾದದ್ದೇ ಇಂದಿನ ಟ್ಯಾಲಿ. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ಒಬ್ಬ ವ್ಯಾಪಾರಿಯ ಸ್ವಂತ ತಲೆನೋವಿನಿಂದ ಹುಟ್ಟಿದ ಔಷಧವಾದ್ದರಿಂದಲೇ ಅದು ಊರೂರ ಅಂಗಡಿಗೆ ಹಿಡಿಸಿತು ಎಂದರೆ ತಪ್ಪಾಗದು.

ಸಣ್ಣ ಉದ್ದಿಮೆ ಎಂದರೆ ತೀರಾ ಸಣ್ಣದು ಎಂದೂ ತಿಳಿಯಬೇಡಿ. 2025ರ ಏಪ್ರಿಲ್ 1ರಿಂದ ಕೇಂದ್ರ ಸರಕಾರದ ಲೆಕ್ಕದಲ್ಲಿ ವರ್ಷಕ್ಕೆ 10 ಕೋಟಿ ರೂಪಾಯಿ ವಹಿವಾಟಿನವರೆಗೆ ಸೂಕ್ಷ್ಮ, 100 ಕೋಟಿಯವರೆಗೆ ಸಣ್ಣ, 500 ಕೋಟಿಯವರೆಗೆ ಮಧ್ಯಮ. ಯಂತ್ರೋಪಕರಣದ ಬಂಡವಾಳಕ್ಕೂ ಪ್ರತ್ಯೇಕ ಮಿತಿ ಉಂಟು. ಹೀಗೆ ನೋಡಿದರೆ ಕರಾವಳಿಯ ಮಿಲ್ಲು, ಫ್ಯಾಕ್ಟರಿ, ಐಸ್ ಪ್ಲಾಂಟು, ಹೋಟೆಲುಗಳಲ್ಲಿ ಹೆಚ್ಚಿನವು ಈ ಪಟ್ಟಿಯೊಳಗೇ ಬಂದಾವು.

ಹಿಂದಿನಿಂದ ದೂಡಿದವರು ಯಾರು?

ನಿಜ ಹೇಳಬೇಕೆಂದರೆ ಬಹಳ ಜನ ವ್ಯಾಪಾರಿಗಳು ಕಂಪ್ಯೂಟರಿಗೆ ಬಂದದ್ದು ಇಷ್ಟಪಟ್ಟು ಅಲ್ಲ. ಸರಕಾರ ದೂಡಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಿಂದ ರಾಜ್ಯ ರಾಜ್ಯಗಳ ನಡುವಿನ ಸಾಗಾಟಕ್ಕೆ ಇ-ವೇ ಬಿಲ್ಲು ಬಂತು. ರಾಜ್ಯದ ಒಳಗಿನ ಸಾಗಾಟಕ್ಕೂ ಅದನ್ನು ಅದೇ ದಿನ ಮೊದಲಾಗಿ ಜಾರಿಗೆ ತಂದದ್ದು ಕರ್ನಾಟಕ. 2020ರ ಅಕ್ಟೋಬರಿನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಆ ಮಿತಿ ಮೆಟ್ಟಿಲಿಳಿಯುತ್ತಾ 2023ರ ಆಗಸ್ಟ್ 1ರಂದು 5 ಕೋಟಿಗೆ ಬಂದು ನಿಂತಿತು. ಸ್ಯಾಪಿನ ಹೆಸರನ್ನೇ ಕೇಳದ ಮಿಲ್ಲಿನವರೂ ಬಿಲ್ಲನ್ನು ಸರಕಾರದ ಪೋರ್ಟಲಿಗೆ ಕಳಿಸಿ ನಂಬ್ರ ತೆಗೆಯುವ ಹಾಗಾಯಿತು.

2025ರ ಸೆಪ್ಟೆಂಬರ್ 22ರ ಸಂಗತಿ ಅಂಗಡಿಯವರಿಗೆ ನೆನಪಿರಬಹುದು. ಅಂದು ಸೋಪು, ಶಾಂಪೂ, ಟೂತ್‌ಪೇಸ್ಟಿನ ತೆರಿಗೆ 18ರಿಂದ 5ಕ್ಕೆ ಇಳಿಯಿತು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ ಬಂತು. ಸಾಮಾನುಗಳ ಪಟ್ಟಿಯನ್ನು ಬಗೆಬಗೆಯಾಗಿ ವಿಂಗಡಿಸಿ ಇಟ್ಟವರಿಗೆ ಇದು ಒಂದು ರಾತ್ರಿಯ ಕೆಲಸ. ಎಲ್ಲವನ್ನೂ "ಇತರೆ" ಎಂಬ ಒಂದೇ ಗೋಣಿಗೆ ತುಂಬಿದವರಿಗೆ ಒಂದೊಂದೇ ಪೊಟ್ಟಣ ಹುಡುಕುವ ಪಾಡು. ಸಾಫ್ಟ್‌ವೇರು ಎರಡೂ ಕಡೆ ಒಂದೇ ಇದ್ದೀತು. ಅದರೊಳಗೆ ಇಟ್ಟ ಅಚ್ಚುಕಟ್ಟು ಬೇರೆ.

ಅದಕ್ಕೂ ಎರಡು ತಿಂಗಳು ಮೊದಲು, 2025ರ ಜುಲೈಯಲ್ಲಿ, ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಇನ್ನೊಂದು ಬಿಸಿ ಮುಟ್ಟಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳಿಸಿತು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲು ಎಷ್ಟು, ತೆರಿಗೆಯ ಮಾಲು ಎಷ್ಟು ಎಂದು ಬೇರೆ ಬೇರೆ ತೋರಿಸಲು ಹಲವರ ಬಳಿ ಪುಸ್ತಕವೇ ಇರಲಿಲ್ಲ. ಗಲಾಟೆಯಾಯಿತು, "ಬರೇ ಕ್ಯಾಶ್" ಎಂಬ ಬೋರ್ಡುಗಳು ಎದ್ದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಸರಕಾರ ಅದೇ ತಿಂಗಳು ಭರವಸೆ ಕೊಟ್ಟಿತು. ಗಲಾಟೆ ತಣ್ಣಗಾಯಿತು. ಪಾಠ ಮಾತ್ರ ಹಾಗೆಯೇ ಉಳಿದಿದೆ: ಬಂದ ಹಣದ ಪಟ್ಟಿ ಬ್ಯಾಂಕಿನಲ್ಲಿ ತಾನಾಗಿ ಬೆಳೆಯುತ್ತದೆ, ಅದು ಎಂತದರ ಹಣ ಎಂಬ ಪಟ್ಟಿ ತಾನಾಗಿ ಬೆಳೆಯುವುದಿಲ್ಲ.

ಒಂದು ಗೋಣಿ ಬೀಜ, ಇಪ್ಪತ್ತು ಲೆಕ್ಕ

ಈಗ ಕರಾವಳಿಯದೇ ಒಂದು ಉದ್ದಿಮೆಗೆ ಬರೋಣ. ಗೇರುಬೀಜದ ಫ್ಯಾಕ್ಟರಿ. ಇಆರ್‌ಪಿ ಎಲ್ಲಿ ಕೈಕೊಡುತ್ತದೆ, ಎಲ್ಲಿ ಕೈಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹೆಚ್ಚಿನ ಸಾಫ್ಟ್‌ವೇರುಗಳನ್ನು ಬರೆದವರ ತಲೆಯಲ್ಲಿದ್ದದ್ದು ಸೈಕಲ್ಲಿನಂಥ ವಸ್ತು. ಎರಡು ಚಕ್ರ, ಒಂದು ಸೀಟು, ಒಂದು ಚೈನು ಸೇರಿಸಿ, ಒಂದು ಸೈಕಲ್ಲಾಯಿತು. ಹಲವು ಸೇರಿ ಒಂದಾಗುವ ಲೆಕ್ಕ ಅದು. ಗೇರುಬೀಜದ್ದು ಉಲ್ಟಾ. ಒಂದು ಗೋಣಿ ಒಡೆದರೆ ಹತ್ತಿಪ್ಪತ್ತು ಮಾಲು ಹೊರಗೆ ಬರುತ್ತದೆ. ಇಡೀ ತಿರುಳಿನಲ್ಲೇ 180, 210, 240, 320, 450 ಎಂಬ ಗ್ರೇಡುಗಳು. ಒಂದು ಪೌಂಡಿಗೆ ಎಷ್ಟು ತಿರುಳು ತೂಗುತ್ತದೆ ಎಂಬುದೇ ಆ ನಂಬ್ರ. 320 ಎಂದರೆ ಪೌಂಡಿಗೆ 300ರಿಂದ 320 ತಿರುಳು. ಅದಾದ ಮೇಲೆ ಎರಡು ಹೋಳಾದದ್ದು, ದೊಡ್ಡ ಚೂರು, ಸಣ್ಣ ಚೂರು, ಬಣ್ಣ ಕೆಟ್ಟದ್ದು. ಇನ್ನು ಹೊರಸಿಪ್ಪೆಯಿಂದ ಎಣ್ಣೆ, ಒಳಸಿಪ್ಪೆಗೆ ಬೇರೆಯೇ ಗಿರಾಕಿ.

ಬೀಜ ಬರುವುದು ಊರಿನಿಂದ ಮಾತ್ರವಲ್ಲ. ಐವರಿ ಕೋಸ್ಟ್, ಬೆನಿನ್, ತಾಂಜಾನಿಯದಂಥ ಆಫ್ರಿಕದ ದೇಶಗಳಿಂದಲೂ ಹಡಗಿನಲ್ಲಿ ಬರುತ್ತದೆ. ಊರ ಬೀಜದ ಗಾತ್ರ ಬೇರೆ, ಹೊರಗಿನದ್ದರ ಗಾತ್ರ ಬೇರೆ, ತೇವ ಬೇರೆ. ಒಣಗಿಸಿದರೆ ತೂಕ ಇಳಿಯುತ್ತದೆ. ತೆರಿಗೆಯ ಕ್ರಮವೂ ಬೇರೆ: ರೈತರಿಂದ ನೇರ ಕೊಂಡ ಸಿಪ್ಪೆಸಹಿತ ಬೀಜದ ಜಿಎಸ್‌ಟಿಯನ್ನು ನೋಂದಾಯಿತ ಫ್ಯಾಕ್ಟರಿಯವರೇ ಕಟ್ಟಬೇಕು.

ಸುಮ್ಮನೆ ಒಂದು ಲೆಕ್ಕ ಹಾಕಿ ನೋಡೋಣ. 80 ಕಿಲೋದ 100 ಗೋಣಿ ಎಂದರೆ 8,000 ಕಿಲೋ ಬೀಜ. ಒಳ್ಳೆಯ ಬೀಜವಾದರೆ ಹೆಚ್ಚುಕಡಿಮೆ ನಾಲ್ಕಕ್ಕೊಂದರಂತೆ 2,000 ಕಿಲೋ ತಿರುಳು. ಅದರಲ್ಲಿ ನೂರಕ್ಕೆ 70 ಇಡಿಯಾಗಿ ಬಂದರೆ 1,400 ಕಿಲೋ, 60 ಮಾತ್ರ ಬಂದರೆ 1,200 ಕಿಲೋ. ಇಡಿಗೂ ಚೂರಿಗೂ ಕಿಲೋಗೆ 200 ರೂಪಾಯಿ ಅಂತರ ಎಂದಿಟ್ಟುಕೊಂಡರೆ ಈ ಒಂದೇ ಲೋಡಿನಲ್ಲಿ 40,000 ರೂಪಾಯಿ ಆಚೀಚೆ. ಒಟ್ಟು ತಿರುಳಿನ ತೂಕ ಎರಡರಲ್ಲೂ ಒಂದೇ. ತೂಕ ಮಾತ್ರ ನೋಡಿದವರಿಗೆ ನಷ್ಟ ಕಾಣುವುದೇ ಇಲ್ಲ.

ಅಕ್ಕಿ ಮಿಲ್ಲಿನಲ್ಲೂ ಇದೇ ಕಥೆ. ಭತ್ತದಿಂದ ಕುಚ್ಚಲಕ್ಕಿ, ನುಚ್ಚು, ತೌಡು, ಉಮಿ. ಕ್ವಿಂಟಾಲು ಭತ್ತಕ್ಕೆ ಕುಚ್ಚಲಕ್ಕಿಯಾದರೆ 68 ಕಿಲೋ, ಬೆಳ್ತಿಗೆಯಾದರೆ 67 ಕಿಲೋ ಎಂದು ಸರಕಾರದ ಖರೀದಿ ಲೆಕ್ಕದಲ್ಲಿದೆ. ಯಾವ ಲಾರಿಯ ಭತ್ತ 68 ಕೊಟ್ಟಿತು, ಯಾವುದು 64ಕ್ಕೆ ನಿಂತಿತು ಎಂಬುದು ಲೋಡುವಾರು ಬರೆದಿಟ್ಟರೆ ಮಾತ್ರ ತಿಳಿದೀತು. ಹಂಚಿನ ಕಾರಖಾನೆಯಲ್ಲೂ ಭಟ್ಟಿ ಬಿಚ್ಚಿದಾಗ ಒಂದನೇ ನಂಬ್ರ, ಎರಡನೇ ನಂಬ್ರ, ಒಡೆದದ್ದು ಎಂದು ವಿಂಗಡಿಸುವ ಪದ್ಧತಿ ಇದ್ದದ್ದು ಇದೇ ಕಾರಣಕ್ಕೆ.

ಆದ್ದರಿಂದ ಸಾಫ್ಟ್‌ವೇರು ಮಾರಲು ಬಂದವರಿಗೆ ಮೊದಲು ಕೇಳಬೇಕಾದ ಮಾತು ಬೆಲೆಯದ್ದಲ್ಲ. ಒಂದು ಗೋಣಿ ಹಾಕಿದರೆ ಇಪ್ಪತ್ತು ಮಾಲು ಹೊರಗೆ ತೆಗೆದು ತೋರಿಸುತ್ತೀರಾ, ಗೋಣಿಯ ಕ್ರಯವನ್ನು ಆ ಇಪ್ಪತ್ತಕ್ಕೂ ಹೇಗೆ ಹಂಚುತ್ತೀರಿ ಎಂದು ಕೇಳಬೇಕು. ತೋರಿಸಿದರೆ ಕುರ್ಚಿ ಕೊಡಿ. ತಡವರಿಸಿದರೆ ಒಂದು ಚಾ ಕೊಟ್ಟು ಕಳಿಸಿ.

ತಕ್ಕಡಿಯ ಬಳಿ ನಿಂತವರು

ಈ ಲೆಕ್ಕದ ಇನ್ನೊಂದು ತುದಿಯಲ್ಲಿ ಕೆಲಸದ ಹೆಂಗಸರಿದ್ದಾರೆ. ಬೆಳಿಗ್ಗೆ ಬಸ್ಸಿನಲ್ಲಿ ಬುತ್ತಿ ಹಿಡಿದು ಹೋಗುವವರು, ಸಾಯಂಕಾಲ ಅದೇ ಬಸ್ಸಿಗೆ ಕಾಯುವವರು. ಬೀಜ ಕಟ್ಟಿಂಗು, ಸಿಪ್ಪೆ ಬಿಡಿಸುವ ಕೆಲಸಕ್ಕೆ ತೂಕದ ಮೇಲೆ ಕೂಲಿ ಇರುವಲ್ಲಿ ತಕ್ಕಡಿಯೇ ಅವರ ಪಾಲಿನ ನ್ಯಾಯಸ್ಥಾನ.

ತಕ್ಕಡಿಯಲ್ಲಿ 12 ಕಿಲೋ 340 ಗ್ರಾಂ ತೂಗಿತು. ಪುಸ್ತಕದಲ್ಲಿ ಹನ್ನೆರಡೂ ಕಾಲು ಎಂದು ಬರೆದರೆ 90 ಗ್ರಾಂ ಎಲ್ಲಿಗೆ ಹೋಯಿತು? ಒಂದು ದಿನಕ್ಕೆ ಅದು ಏನೂ ಅಲ್ಲ. ತಿಂಗಳಿಗೆ 25 ದಿನ ಹೀಗಾದರೆ ಎರಡೂ ಕಾಲು ಕಿಲೋ. ಒಬ್ಬರ ಲೆಕ್ಕ ಇದು. ನೂರು ಜನರದ್ದು ಎಷ್ಟಾಯಿತೆಂದು ಓದುಗರೇ ಗುಣಿಸಲಿ.

ಎಲೆಕ್ಟ್ರಾನಿಕ್ ತಕ್ಕಡಿಯನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಿದರೆ ತೂಕ ಇದ್ದ ಹಾಗೇ ದಾಖಲಾಗುತ್ತದೆ. ಕಾಲು, ಅರ್ಧದ ಪ್ರಶ್ನೆಯೇ ಬರದು. ಆದರೆ ಇಲ್ಲೊಂದು ಸೂಕ್ಷ್ಮ ಉಂಟು. ತೂಕದ ಚೀಟಿ, ಅದೂ ಕನ್ನಡದಲ್ಲಿ, ಕೆಲಸದವರ ಕೈಗೂ ಬಂದರೆ ಅದು ಎರಡೂ ಕಡೆಯ ಲೆಕ್ಕ. ಬಾರದೆ ಆಫೀಸಿನ ಕೋಣೆಯಲ್ಲೇ ಉಳಿದರೆ ಅದು ಮಾಲಕರ ಕಣ್ಣು ಮಾತ್ರ. ಯಾರ ಕೈಯಲ್ಲಿ ಎಷ್ಟು ಚೂರು ಬಿತ್ತೆಂದು ಹೆಸರು ಸಮೇತ ತೋರಿಸುವ ಶಕ್ತಿಯೂ ಈ ವ್ಯವಸ್ಥೆಗಿದೆ. ಬೀಜವೇ ಕೆಟ್ಟದಿದ್ದ ದಿನ ಕೈಯವರನ್ನು ದೂರಿದರೆ ಯಂತ್ರಕ್ಕೆ ಪಾಪ ಬಾರದು, ಅದನ್ನು ಓದಿದವರಿಗೆ ಬರುತ್ತದೆ. ಲೋಡಿನ ಗುಣ ಒಂದು ಕಡೆ, ಚೂರಿನ ಲೆಕ್ಕ ಇನ್ನೊಂದು ಕಡೆ ಇಟ್ಟು, ಎರಡನ್ನೂ ಒಟ್ಟಿಗೆ ಓದಬೇಕು.

ರೈಟರ ತಲೆಯೊಳಗಿನ ಗೋದಾಮು

ಹಳೆಯ ಫ್ಯಾಕ್ಟರಿಗಳ ಜೀವಾಳ ರೈಟರು. ಯಾರ ಉದರಿ ಎಷ್ಟು, ಯಾರು ಕೊಟ್ಟ ಬೀಜದಲ್ಲಿ ತೇವ ಜಾಸ್ತಿ, ಯಾವ ಗಿರಾಕಿ ಹಬ್ಬದ ಮೊದಲು ಹಣ ಕೊಡುತ್ತಾನೆ, ಯಾವನು ಹಬ್ಬ ಕಳೆದರೂ ಕೊಡುವುದಿಲ್ಲ, ಎಲ್ಲ ಅವರ ತಲೆಯೊಳಗೆ. "ಹ್ವಾಯ್, ರೈಟ್ರೇ" ಎಂದು ಕರೆದರೆ ಪುಸ್ತಕ ತೆರೆಯದೆಯೇ ಉತ್ತರ ಬರುತ್ತಿತ್ತು. ಅವರು ಎರಡು ದಿನ ಜ್ವರದಲ್ಲಿ ಮಲಗಿದರೆ ಫ್ಯಾಕ್ಟರಿಯೂ ಮಲಗುತ್ತಿತ್ತು.

ಕಂಪ್ಯೂಟರ್ ಬರುವಾಗ ಮೊದಲು ಹೆದರುವವರೂ ಇವರೇ. ಆ ಹೆದರಿಕೆಯನ್ನು ತಮಾಷೆ ಮಾಡುವ ಹಾಗಿಲ್ಲ. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುತ್ತದೆಂದಾಗ ನೌಕರರ ಸಂಘಗಳು ಕೇಳಿದ್ದೂ ಇದೇ ಪ್ರಶ್ನೆಯನ್ನು. ಜಾಣ ಮಾಲಕ ಮಾಡಬೇಕಾದ್ದು ಒಂದೇ: ಹೊಸ ವ್ಯವಸ್ಥೆಯ ಯಜಮಾನಿಕೆಯನ್ನು ರೈಟರಿಗೇ ಕೊಡುವುದು. ಬೆರಳಚ್ಚು ಹೊಡೆಯಲು ಹುಡುಗನೋ ಹುಡುಗಿಯೋ ಸಿಗಬಹುದು. ಈ ತೂಕ ಸರಿ ಕಾಣುವುದಿಲ್ಲ ಎಂದು ಅಂಕೆ ನೋಡಿಯೇ ಹೇಳುವವರು ಇಪ್ಪತ್ತು ವರ್ಷ ಗೋದಾಮಿನಲ್ಲಿ ಓಡಾಡಿದವರು ಮಾತ್ರ.

ಅದಿಲ್ಲದೆ ಪೇಟೆಯಿಂದ ಬಂದ ಟೈ ಕಟ್ಟಿದವರು ಮೂರು ದಿನ ಕಲಿಸಿ ಹೋದರೆ, ನಾಲ್ಕನೇ ದಿನ ರೈಟರು ಹಳೆಯ ಪುಸ್ತಕ ಹೊರಗೆ ತೆಗೆಯುತ್ತಾರೆ. ಆಮೇಲೆ ಎರಡೂ ನಡೆಯುತ್ತವೆ. ಪುಸ್ತಕದಲ್ಲಿ ಬರೆದದ್ದನ್ನು ಶನಿವಾರ ಒಟ್ಟಿಗೆ ಕಂಪ್ಯೂಟರಿಗೆ ಏರಿಸುವುದು. ಸೋಮವಾರದ ಮಾಲು ಶನಿವಾರ ದಾಖಲಾದರೆ ನಡುವಿನ ಐದು ದಿನ ಪರದೆಯ ಮೇಲೆ ಕಂಡದ್ದೆಲ್ಲ ಸುಳ್ಳು. ಲಕ್ಷ ಕೊಟ್ಟು ತಂದ ಯಂತ್ರ ವಾರಕ್ಕೊಮ್ಮೆ ನಿಜ ಹೇಳುವ ಗಡಿಯಾರದ ಹಾಗಾಯಿತು.

ದಿನದ ಲೆಕ್ಕ ದಿನವೇ ಎಂಬುದು ಈ ಜಿಲ್ಲೆಗೆ ಹೊಸ ಪಾಠವೇನೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ. ಏಜಂಟರು ದಿನಾ ಅಂಗಡಿ ಬಾಗಿಲಿಗೆ ಬಂದರು, ದಿನಾ ಬರೆದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡಾಣೆಯ ಆ ಶಿಸ್ತಿದ್ದರೆ ಇಆರ್‌ಪಿ ಅರ್ಧ ಗೆದ್ದ ಹಾಗೆ.

ಎರಡನೇ ಪುಸ್ತಕದ ಸಂಕಟ

ಇನ್ನೊಂದು ಮಾತನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕಂಪ್ಯೂಟರ್ ಬೇಡ ಎನ್ನುವ ಕೆಲವರ ನಿಜವಾದ ಕಾರಣ ಅದರ ಕಷ್ಟವೂ ಅಲ್ಲ, ಖರ್ಚೂ ಅಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿರುವ ಎರಡನೇ ಪುಸ್ತಕ.

ಗೇಟಿನಿಂದ ಬಿಲ್ಲಿನವರೆಗೆ ಒಂದೇ ದಾರ ಇದ್ದರೆ ಬಿಲ್ಲಿಲ್ಲದ ಮಾಲು ಸಿಕ್ಕಿಬೀಳುತ್ತದೆ. ಒಳಗೆ ಬಂದದ್ದು ನೂರು, ಹೊರಗೆ ಹೋದದ್ದು ಎಂಬತ್ತು, ಗೋದಾಮಿನಲ್ಲಿ ಇರುವುದು ಸೊನ್ನೆ ಎಂದಾದರೆ ಯಂತ್ರ ಪ್ರತಿದಿನ ಕೇಳುತ್ತದೆ: ಇಪ್ಪತ್ತು ಎಲ್ಲಿ? ಅದರ ಬಾಯಿ ಮುಚ್ಚಿಸಲು ಸುಳ್ಳು ಬರೆದರೆ ಆಮೇಲೆ ಅದು ಕೊಡುವ ಲಾಭ-ನಷ್ಟವೂ ಸುಳ್ಳೇ. ಸರಕಾರಕ್ಕೆಂದು ಹೇಳಿದ ಸುಳ್ಳನ್ನು ಮಾಲಕರೇ ನಂಬಿ ಮೋಸ ಹೋಗುವುದು ಹೀಗೆ.

2023ರ ಏಪ್ರಿಲ್ 1ರಿಂದ ಕಂಪೆನಿ ಕಾಯಿದೆಯಡಿ ನೋಂದಾಯಿಸಿದ ಪ್ರೈವೇಟ್ ಲಿಮಿಟೆಡಿನಂಥ ಕಂಪೆನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ತಿದ್ದುಪಡಿಯ ಜಾಡು ಉಳಿಯಲೇಬೇಕು. ಯಾರು, ಯಾವಾಗ, ಯಾವ ಅಂಕೆ ಬದಲಿಸಿದರು ಎಂಬುದು ಅಳಿಸದ ಹಾಗೆ. ಒಬ್ಬರದೇ ಮಾಲಕತ್ವದ ಅಂಗಡಿಗಾಗಲಿ ಮಾಮೂಲು ಪಾಲುದಾರಿಕೆಗಾಗಲಿ ಈ ನಿಯಮ ಇಲ್ಲ. ಆದರೂ ಬ್ಯಾಂಕಿನಲ್ಲಿ ಸಾಲ ಕೇಳುವ ದಿನ ಒಂದೇ ಪುಸ್ತಕ ಇಟ್ಟವರ ಬೆನ್ನು ನೆಟ್ಟಗಿರುತ್ತದೆ.

ಚಾಕಲೇಟಿನವರು ಕಲಿತ ಪಾಠ

ಯಾವಾಗ ಶುರುಮಾಡಬೇಕು ಎಂಬುದೂ ಒಂದು ದೊಡ್ಡ ಪ್ರಶ್ನೆ. ಇದಕ್ಕೆ ಅಮೇರಿಕದ ಹರ್ಷೀಸ್ ಚಾಕಲೇಟ್ ಕಂಪೆನಿಯ ಕಥೆ ಕೇಳಬೇಕು. ಸುಮಾರು 11 ಕೋಟಿ ಡಾಲರು ಸುರಿದು ಆ ಕಂಪೆನಿ ಹೊಸ ವ್ಯವಸ್ಥೆಯನ್ನು 1999ರ ಜುಲೈಯಲ್ಲಿ ಚಾಲೂ ಮಾಡಿತು. ಅಕ್ಟೋಬರ್ ಕೊನೆಗೆ ಬರುವ ಹ್ಯಾಲೋವೀನ್ ಅಲ್ಲಿ ಮಿಠಾಯಿಯ ದೊಡ್ಡ ಹಬ್ಬ. ಅದರ ಆರ್ಡರು ಬಂದು ಬೀಳುವ ಹೊತ್ತಿಗೇ ಜನ ಹೊಸ ಯಂತ್ರ ಕಲಿಯುತ್ತಿದ್ದರು. ಹಬ್ಬದ ಸಮಯದಲ್ಲಿ ಮಾಲು ಪೇರಿಸಿಡುತ್ತಿದ್ದ ಹೆಚ್ಚುವರಿ ಜಾಗಗಳು ಹೊಸ ವ್ಯವಸ್ಥೆಯೊಳಗೆ ಏರಿರಲಿಲ್ಲ. ಗೋದಾಮಿನಲ್ಲಿ ಚಾಕಲೇಟು ಇತ್ತು, ಯಂತ್ರಕ್ಕೆ ಕಾಣಲಿಲ್ಲ. ಸುಮಾರು 10 ಕೋಟಿ ಡಾಲರಿನ ಮಾಲು ಹೊತ್ತಿಗೆ ಅಂಗಡಿ ಮುಟ್ಟಲಿಲ್ಲ. ಅದೇ ಕಂಪೆನಿ ತಿದ್ದಿಕೊಂಡು 2002ರಲ್ಲಿ ಮುಂದಿನ ಆವೃತ್ತಿಯನ್ನು ಸುಸೂತ್ರವಾಗಿ ಕೂರಿಸಿತು ಎಂಬುದನ್ನೂ ಹೇಳಬೇಕು.

ಅಷ್ಟು ದೊಡ್ಡವರಿಗೇ ಹೀಗಾದರೆ ಇಲ್ಲಿನವರು ಪಂಚಾಂಗ ನೋಡದೆ ಕೈಹಾಕಬಾರದು. ಊರ ಗೇರುಬೀಜ ಬಂದು ಬೀಳುವ ಮಾರ್ಚ್-ಏಪ್ರಿಲ್ ಆ ಫ್ಯಾಕ್ಟರಿಗಳಿಗೆ ಬೇಡ. ಕೊಯ್ಲಿನ ಸಮಯ ಅಕ್ಕಿ ಮಿಲ್ಲಿಗೆ ಬೇಡ. ಕೊಲ್ಲೂರಿನ ಲಾಡ್ಜಿನವರು ನವರಾತ್ರಿಯ ಹತ್ತಿರ ಅದರ ಸುದ್ದಿಗೇ ಹೋಗಬಾರದು. ಗಂಗೊಳ್ಳಿಯಂಥ ಬಂದರಿನ ಐಸ್ ಪ್ಲಾಂಟಿನವರಿಗೆ, ಮೀನಿನ ವ್ಯಾಪಾರದವರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನ ಹೇಳಿ ಮಾಡಿಸಿದ ಸಮಯ. ದೋಣಿ ಮೇಲೆ ಬಂದಿರುತ್ತದೆ, ಬಲೆ ನೇಯುವ ಜೊತೆಗೆ ಲೆಕ್ಕವನ್ನೂ ನೇಯಬಹುದು.

ಬೀಗದ ಕೈ ಯಾರಲ್ಲಿ?

ಖರ್ಚಿನ ಮಾತು. ಸಾಫ್ಟ್‌ವೇರಿನ ಕ್ರಯ ಕೇಳಿ ತಲೆಯಾಡಿಸುವವರು ಅದರ ಹಿಂದಿನ ಖರ್ಚು ಕೇಳುವುದಿಲ್ಲ. ಹಳೆಯ ಖಾತೆಗಳನ್ನೆಲ್ಲ ಶುದ್ಧ ಮಾಡಿ ಏರಿಸಲಿಕ್ಕೆ, ಜನಕ್ಕೆ ಕಲಿಸಲಿಕ್ಕೆ, ವರ್ಷವರ್ಷದ ನಿರ್ವಹಣೆಗೆ ಬೇರೆ ಬೇರೆ ಹಣ. ಮುಂಬೈಯ ಫ್ರಾಪೆ ಕಂಪೆನಿಯ ಇಆರ್‌ಪಿ-ನೆಕ್ಸ್ಟ್‌ನಂಥ ಲೈಸೆನ್ಸ್ ಶುಲ್ಕವಿಲ್ಲದ ಮುಕ್ತ ಸಾಫ್ಟ್‌ವೇರುಗಳೂ ಉಂಟು. ಪುಕ್ಕಟೆ ಎಂದು ಕುಣಿಯಬೇಡಿ, ಕೂರಿಸಿ ನಡೆಸುವವರಿಗೆ ಸಂಬಳ ಕೊಡಲೇಬೇಕು. ಪುಕ್ಕಟೆ ಸಿಕ್ಕಿದ ಎಮ್ಮೆಗೂ ಹಿಂಡಿ ನಾವೇ ಹಾಕಬೇಕಲ್ಲ.

ಇನ್ನು ಲೆಕ್ಕದ ಯಜಮಾನಿಕೆ. ಸಾಫ್ಟ್‌ವೇರು ಕೊಟ್ಟವರು ನಾಳೆ ಅಂಗಡಿ ಮುಚ್ಚಿದರೆ, ಜಗಳವಾದರೆ, ನಿಮ್ಮ ಹತ್ತು ವರ್ಷದ ಖಾತೆ ನಿಮ್ಮ ಕೈಗೆ ಓದುವ ರೂಪದಲ್ಲಿ ಬರುತ್ತದೆಯೋ? ಹಣ ಕೊಡುವ ಮೊದಲೇ ಬರೆಸಿಕೊಳ್ಳಬೇಕಾದ ಕರಾರು ಇದು. ಮೇ ತಿಂಗಳ ಗುಡುಗು ಸಿಡಿಲಿಗೆ ಕಂಪ್ಯೂಟರ್, ಮೋಡೆಮ್ ಸುಟ್ಟುಹೋಗುವುದು ಕರಾವಳಿಯವರಿಗೆ ಗೊತ್ತಿಲ್ಲದ್ದಲ್ಲ. ನಕಲು ಪ್ರತಿಯ ಪೆನ್‌ಡ್ರೈವನ್ನು ಅದೇ ಕಂಪ್ಯೂಟರಿಗೆ ಚುಚ್ಚಿಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ರಾತ್ರಿ ಬಾಗಿಲು ಹಾಕುವಾಗ ನಕಲನ್ನು ಮನೆಗೆ ಒಯ್ಯಬೇಕು. ತಿಂಗಳಿಗೊಮ್ಮೆ ಅದು ತೆರೆಯುತ್ತದೆಯೋ ಎಂದು ತೆರೆದು ನೋಡಬೇಕು.

ಇದು ಖಾಸಗಿಯವರ ಮಾತಾಯಿತು. ರೈತರ ಸೊಸೈಟಿಗಳೂ ಇದೇ ಹಾದಿ ಹಿಡಿದಿವೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು ಒಂದೇ ಬಗೆಯ ಇಆರ್‌ಪಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ನಬಾರ್ಡಿನ ಉಸ್ತುವಾರಿ, ಆಯಾ ಊರಿನ ಭಾಷೆಯಲ್ಲಿ ಬಳಸುವ ಸೌಕರ್ಯ ಎಂದು ಯೋಜನೆಯಲ್ಲೇ ಇದೆ. ಸಾಲ, ಗೊಬ್ಬರ, ರೇಶನು ಎಂದು ಮೂರು ಪುಸ್ತಕ ಇದ್ದಲ್ಲಿ ಒಂದಾದರೆ ಸದಸ್ಯರಿಗೂ ಒಳ್ಳೆಯದೇ. ಮಹಾಸಭೆಯಲ್ಲಿ ಎದ್ದು ನಿಂತು ಕೇಳುವವರಿಗೆ ಉತ್ತರ ಹುಡುಕಲು ಮುಂದಿನ ವರ್ಷದವರೆಗೆ ಕಾಯಬೇಕಾಗದು.

ಮೊದಲು ಒಂದು ಮೂಲೆ

ಹಾಗಾದರೆ ಸಣ್ಣವರು ಮಾಡಬೇಕಾದ್ದೆಂತ? ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಮೊದಲು ಒಂದು ಮೂಲೆ ಹಿಡಿಯಿರಿ, ಗೋದಾಮು. ಒಂದು ಭಾನುವಾರ ಬಾಗಿಲು ಹಾಕಿ ಇರುವ ಮಾಲನ್ನು ಕೈಯಿಂದ ಎಣಿಸಿ. ಒಂದೇ ಸಾಮಾನಿಗೆ ಮೂರು ಹೆಸರಿದ್ದರೆ ಒಂದು ಮಾಡಿ. "ಸಕ್ಕರೆ", "ಶುಗರ್", "ಸಕ್ರೆ 50 ಕೆಜಿ" ಎಂದು ಮೂರು ಸಾಲು ಇದ್ದರೆ ಯಂತ್ರಕ್ಕೆ ಅದು ಮೂರು ಸಾಮಾನು. ಮಾಲು ನೋಡಿದವರೇ, ನೋಡಿದ ಕೂಡಲೇ, ಒಂದೇ ಸಲ ಬರೆಯಲಿ. ಪುಸ್ತಕದ ಲೆಕ್ಕವೂ ಯಂತ್ರದ ಲೆಕ್ಕವೂ ಎರಡು ತಿಂಗಳು ತಾಳೆಯಾದ ಮೇಲೆ ಮಾರಾಟಕ್ಕೆ ಹೋಗಿ, ಆಮೇಲೆ ಕೂಲಿಗೆ, ಆಮೇಲೆ ತಯಾರಿಗೆ.

ಒಬ್ಬರೇ ಕೂತು ನಡೆಸುವ ಗೂಡಂಗಡಿಗೆ ಇದೊಂದೂ ಬೇಡ. ಒಂದು ನೋಟ್‌ಪುಸ್ತಕ, ಒಂದು ಪೆನ್ನು, ದಿನಾ ಬರೆಯುವ ಅಭ್ಯಾಸ ಸಾಕು. ಮಾಲಕರ ಕಣ್ಣಿಗೆ ಬೀಳದ ಜಾಗದಲ್ಲಿ ಮಾಲು ಓಡಾಡಲು ಶುರುವಾದಾಗ, ಎರಡನೇ ಗೋದಾಮು, ಮೂರನೇ ಕೌಂಟರು ಆದಾಗ ಮಾತ್ರ ಪೆಟ್ಟಿಗೆಯ ಮಾತು.

ದೀಪಾವಳಿಯ ಅಂಗಡಿ ಪೂಜೆಗೆ ಹಿಂದೆ ಹೊಸ ಕಿರ್ದಿ ಪುಸ್ತಕ ಇಟ್ಟು, ಮೊದಲ ಪುಟಕ್ಕೆ ಅರಶಿನ ಕುಂಕುಮ ಹಚ್ಚಿ, ಶುಭ ಲಾಭ ಎಂದು ಬರೆಯುತ್ತಿದ್ದರು. ಈಗ ಕಂಪ್ಯೂಟರಿನ ಪರದೆಯ ಮೇಲ್ಗಡೆ ಕುಂಕುಮದ ಬೊಟ್ಟು ಬೀಳುತ್ತದೆ. ಬೊಟ್ಟು ಯಾವುದಕ್ಕೆ ಇಟ್ಟರೂ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ಮೊದಲ ಲಾರಿ ಬಂದಾಗ ಮೂಟೆ ಎಣಿಸಿ ಆಗಲೇ ಬರೆದವರು ಯಾರು ಎಂಬುದೇ ಪ್ರಶ್ನೆ.